ಜೆ ರಸ್ತೆಯ ಏಳನೇ ವರ್ಷ

ರಸ್ತೆಗಳಿಗೆ ಅಂಕ ಕೊಡುವುದು ನನ್ನ ಕೆಲಸ. ಒಂದರಿಂದ ಹತ್ತರವರೆಗೆ. ಹತ್ತು ಅಂದರೆ ನಿನ್ನೆ ಹಾಕಿದ ಡಾಂಬರು, ಇನ್ನೂ ಟೈರಿಗೆ ಅಂಟುವಂಥದ್ದು. ಒಂದು ಅಂದರೆ ಅದನ್ನು ರಸ್ತೆ ಅನ್ನಲು ನಮಗೇ ನಾಚಿಕೆಯಾಗಬೇಕು, ಅಂಥದ್ದು. ಅಮೆರಿಕದ ವಿಸ್ಕಾನ್ಸಿನ್ನಿನ ಉತ್ತರದ ತುದಿಯಲ್ಲಿರುವ ನಮ್ಮ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಜನಕ್ಕಿಂತ ಹಸು ಹೆಚ್ಚು, ಹಸುವಿಗಿಂತ ಗುಂಡಿ ಹೆಚ್ಚು. ಪ್ರತಿ ಅಕ್ಟೋಬರಿನಲ್ಲಿ, ಎಲೆಯುದುರಿ ಹಿಮ ಬೀಳುವುದರೊಳಗೆ, ನಾನೂ ಆರ್ಡೆನ್ ಪುಲ್ಟ್ಜೂ ಕಚೇರಿಯ ಪಿಕಪ್ಪಿನಲ್ಲಿ ಕೂತು ಮುನ್ನೂರ ನಲವತ್ತು ಮೈಲಿ ಸುತ್ತುತ್ತಿದ್ದೆವು. ಹದಿನಾರು ವರ್ಷ ಸುತ್ತಿದೆವು. ಆರ್ಡೆನ್ ನಡುವೆ ರಸ್ತೆ ಇಲಾಖೆಗೇ ಮುಖ್ಯಸ್ಥನಾದ. ಆದರೂ ಅಕ್ಟೋಬರಿನ ಆ ಎರಡು ವಾರ ಕುರ್ಚಿ ಬಿಟ್ಟು ನನ್ನ ಪಕ್ಕದಲ್ಲಿ ಬಂದು ಕೂರುತ್ತಿದ್ದ. ನನಗೆ ಅದು ದೊಡ್ಡತನವಾಗಿ ಕಾಣುತ್ತಿತ್ತು.

ನಮ್ಮದೊಂದು ಪದ್ಧತಿ ಇತ್ತು. ಮೈಲಿಗೊಮ್ಮೆ ಗಾಡಿ ನಿಲ್ಲಿಸಿ, ಒಬ್ಬರ ಮುಖ ಒಬ್ಬರು ನೋಡದೆ, ಒಂದು ಎರಡು ಮೂರು ಎಂದು ಎಣಿಸಿ, ಇಬ್ಬರೂ ಒಟ್ಟಿಗೇ ಅಂಕ ಹೇಳಬೇಕು. ಒಂದೇ ಆದರೆ ಅದೇ ಖಾಯಂ. ಬೇರೆಯಾದರೆ ಇಳಿದು, ಮಂಡಿಯೂರಿ, ಬಿರುಕಿನೊಳಗೆ ಬೆರಳು ತೂರಿಸಿ ಜಗಳವಾಡಬೇಕು. ಸೋತವರು ಅವತ್ತು ಮಧ್ಯಾಹ್ನ ಊಟದ ಮೇಲೆ ಪೈ, ಅಂದರೆ ಹಣ್ಣು ತುಂಬಿ ಬೇಯಿಸಿದ ಸಿಹಿ, ಕೊಡಿಸಬೇಕು. ಇನ್ನೊಂದು ಕಟ್ಟಳೆ: ಗಾಡಿ ಓಡಿಸುವವರು ಹಾಳೆ ಮುಟ್ಟಬಾರದು. ನಮಗಿಂತ ಮುಂಚೆ ಈ ಕೆಲಸ ಮಾಡುತ್ತಿದ್ದ ಎಲ್ರಾಯ್ ಎಂಬ ಪುಣ್ಯಾತ್ಮ ಸ್ಟಿಯರಿಂಗಿನ ಮೇಲೆ ಹಾಳೆಯಿಟ್ಟುಕೊಂಡು ಬರೆಯುತ್ತಲೇ ಹೋಗಿ ಗಾಡಿಯ ಸಮೇತ ಕೆರೆಗಿಳಿದಿದ್ದ. ಅವನೇನೋ ಬದುಕಿಕೊಂಡ, ಆ ವರ್ಷದ ಅಂಕಗಳು ಮಾತ್ರ ಮೀನಿನ ಪಾಲಾದವು. ಅಂದಿನಿಂದ ಈ ಕಟ್ಟಳೆ. ಆರ್ಡೆನ್ ಗಾಡಿ ಓಡಿಸಿದರೆ ಹುಲ್ಲಿನ ಬಂಡಿಯಲ್ಲಿ ಕೂತ ಹಾಗಾಗುತ್ತದೆ. ಹಾಗಾಗಿ ಓಡಿಸುವವಳು ನಾನು, ಬರೆಯುವವನು ಅವನು.

ಆದರೆ ಯೋಜನೆ ನನ್ನದು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮೊದಲೆಲ್ಲ ನಮ್ಮಲ್ಲಿ ಯಾವ ರಸ್ತೆ ತೀರಾ ಹಾಳಾಗಿದೆಯೋ ಅದಕ್ಕೇ ಮೊದಲು ಕೈ ಹಾಕುತ್ತಿದ್ದರು. ಸತ್ತ ರಸ್ತೆಯೊಂದನ್ನು ಬುಡದಿಂದ ಕಿತ್ತು ಕಟ್ಟುವುದರೊಳಗೆ ಚೆನ್ನಾಗಿದ್ದ ಹತ್ತು ರಸ್ತೆಗಳು ಸದ್ದಿಲ್ಲದೆ ಸಾಯುತ್ತಿದ್ದವು. ನಾನು ತಿರುಗಾಮುರುಗಾ ಮಾಡಿದೆ. ಆರು, ಏಳು ಅಂಕದ ರಸ್ತೆ ಸಿಕ್ಕಿದ ಕೂಡಲೇ ಅದರ ಬಿರುಕಿಗೆ ಕಾದ ಟಾರು ಹೊಯ್ಯಿರಿ, ಮೇಲೊಂದು ತೆಳು ಪದರ ಹಾಕಿ ಸಣ್ಣ ಜಲ್ಲಿ ಉದುರಿಸಿರಿ, ಅದು ಇನ್ನೂ ಎಂಟು ವರ್ಷ ಎದ್ದು ನಿಂತಿರುತ್ತದೆ. ಒಂದು ಮೈಲಿ ಹೊಸದಾಗಿ ಕಟ್ಟುವ ದುಡ್ಡಿನಲ್ಲಿ ಹತ್ತು ಮೈಲಿ ಉಳಿಸಬಹುದು. ಕೆಟ್ಟದ್ದು ಕಾಯಲಿ. ಸೂರು ಸೋರುವ ಮೊದಲೇ ಹೆಂಚು ಸರಿಮಾಡಿದ ಹಾಗೆ, ಅಷ್ಟೇ. ಆದರೆ ಗುಂಡಿ ಬಿದ್ದಿರುವುದು ತನ್ನ ಮನೆ ಮುಂದೆ, ಟಾರಿನ ಲಾರಿ ಹೋಗುತ್ತಿರುವುದು ನೆಟ್ಟಗಿರುವ ರಸ್ತೆಗೆ ಅಂದರೆ ಯಾವನಿಗೆ ಮೈ ಉರಿಯುವುದಿಲ್ಲ? ನನ್ನನ್ನು ಹಿಂದಿನಿಂದಲೂ ಮುಂದಿನಿಂದಲೂ ಬೈದರು.

ಯೋಜನೆಯಲ್ಲಿ ಇನ್ನೊಂದು ಕಹಿ ಗುಳಿಗೆಯಿತ್ತು. ಎರಡಕ್ಕೆ ಇಳಿದ, ಓಡಾಟ ಕಡಿಮೆಯಿರುವ ರಸ್ತೆಗಳ ಡಾಂಬರನ್ನು ಯಂತ್ರಕ್ಕೆ ಕೊಟ್ಟು ಪುಡಿ ಮಾಡಿಸಿ, ಜಲ್ಲಿ ರಸ್ತೆ ಮಾಡಿಬಿಡುವುದು. ಗುಂಡಿ ಮುಚ್ಚುವ ಖರ್ಚು ಉಳಿಯುತ್ತದೆ, ಗ್ರೇಡರು ಆಗಾಗ ಕೆರೆದು ಮಟ್ಟ ಮಾಡಿದರೆ ಸಾಕು. ಮೊದಲ ಸರದಿ ಜೆ ರಸ್ತೆಯದು; ನಮ್ಮ ಕೌಂಟಿಯ ರಸ್ತೆಗಳಿಗೆ ಹೆಸರಿಲ್ಲ, ಇಂಗ್ಲಿಷಿನ ಅಕ್ಷರಗಳೇ. ಒಂಬತ್ತು ಮೈಲಿ, ಹನ್ನೊಂದು ಮನೆ. ಅದರಲ್ಲೊಂದು ನನ್ನದು.

ನಮ್ಮ ಕೌಂಟಿಯಲ್ಲಿ ಆ ರಸ್ತೆಯ ಜನ ಕೈ ಎತ್ತಿ ಒಪ್ಪದೆ ಡಾಂಬರು ಕೀಳುವ ಹಾಗಿಲ್ಲ. ಸಭೆಯ ದಿನ ಆರ್ಡೆನ್ ನನ್ನ ಭುಜ ತಟ್ಟಿ, "ನೀನೇ ಮಾತಾಡು ಸ್ಟುಬೆ, ನಿನ್ನ ಓಣಿಯ ಜನ" ಅಂದ. ನನ್ನನ್ನು ಅವನು ಯಾವಾಗಲೂ ಮನೆತನದ ಹೆಸರಿನಿಂದಲೇ ಕರೆಯುತ್ತಿದ್ದ. ನಾನು ಎದ್ದು ನಿಂತು ಹೇಳಿದೆ: ಆರು ವರ್ಷ ಜಲ್ಲಿ, ಏಳನೇ ವರ್ಷ ಹೊಸ ಡಾಂಬರು. ಒಳ್ಳೆಯ ರಸ್ತೆಗಳನ್ನು ಉಳಿಸಿಕೊಂಡ ಮೇಲೆ ಕೈಯಲ್ಲಿ ಒಂದಿಷ್ಟು ಉಳಿಯುತ್ತದೆ, ಅದರಲ್ಲಿ ಮೊದಲ ಪಾಲು ಜೆ ರಸ್ತೆಗೆ. ಯೋಜನೆಯಲ್ಲೇ ಹಾಗೆ ಬರೆದಿದೆ. ನಾನೇ ಬರೆದಿದ್ದೇನೆ.

ಮೊದಲು ಅಯೋನ್ ಕ್ವಾಮೆ ಕೈ ಎತ್ತಿದರು. ನಮ್ಮ ಮನೆಯಿಂದ ಅರ್ಧ ಮೈಲಿ ಆಚೆ ಅವರ ಮನೆ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಹೆಂಗಸು, ನನ್ನನ್ನೂ ಅದೇ ಬಸ್ಸಿನಲ್ಲಿ ಹೊತ್ತವರು.

"ರೋವೀನಾ ಸುಳ್ಳು ಹೇಳೋಳಲ್ಲ" ಅಂದರು, ನನ್ನ ಕಡೆ ಕೈ ತೋರಿಸಿ. "ಬಸ್ಸಲ್ಲಿ ವಾಂತಿ ಮಾಡ್ಕೊಂಡ್ರೂ ನಾನೇ ಮಾಡಿದ್ದು ಅಂತ ಎದ್ದು ನಿಂತು ಹೇಳ್ತಿದ್ಲು. ಏಳು ವರ್ಷ ತಾನೆ, ಸಾಯಲ್ಲ ಬಿಡ್ರಪ್ಪ."

ಜನ ನಕ್ಕರು. ಒಂದೊಂದಾಗಿ ಹನ್ನೊಂದು ಮನೆಯ ಕೈಗಳೂ ಮೇಲೆದ್ದವು.

ನಾಲ್ಕನೇ ವರ್ಷ ಅಯೋನ್ ಅವರ ಗಂಡ ವರ್ಲಿನ್‌ಗೆ ಮೂತ್ರಪಿಂಡ ಕೈಕೊಟ್ಟಿತು. ವಾರಕ್ಕೆ ಮೂರು ದಿನ ಊರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಜಲ್ಲಿ ರಸ್ತೆ ಬೇಸಿಗೆಯಲ್ಲಿ ಏಣುಏಣಾಗಿ ಎದ್ದು, ಕಾರು ಹಲ್ಲು ಕಡಿಯುತ್ತಾ ಹೋಗುತ್ತದೆ. ಗ್ರೇಡರು ಕೆರೆದರೆ ಹತ್ತು ದಿನ ಚೆನ್ನ, ಮತ್ತೆ ಅದೇ ರಾಗ. ವರ್ಲಿನ್ ಕೆಳಗೆರಡು, ಬೆನ್ನಿಗೊಂದು ದಿಂಬು ಇಟ್ಟುಕೊಂಡು, ಕಣ್ಣು ಮುಚ್ಚಿಕೊಂಡು ಒಂಬತ್ತು ಮೈಲಿ ಕೂರುತ್ತಿದ್ದರು. ಅಯೋನ್ ಗಂಟೆಗೆ ಹದಿನೈದು ಮೈಲಿಯಲ್ಲಿ ಓಡಿಸುತ್ತಿದ್ದರು. ನಾನು ಹಿಂದಿನಿಂದ ಬಂದರೂ ಹಾರ್ನ್ ಮಾಡದೆ, ದಾಟಿ ಹೋಗದೆ, ಅವರ ಧೂಳು ಕುಡಿಯುತ್ತಾ ಬರುತ್ತಿದ್ದೆ. ಪ್ರತಿ ಹೊಸ ವರ್ಷದ ದಿನ ಅಯೋನ್ ನಮ್ಮ ಬಾಗಿಲಿಗೆ ಒಂದು ತಟ್ಟೆ ನಿಂಬೆಯ ಬಾರ್, ಚೌಕವಾಗಿ ಕತ್ತರಿಸಿದ ಸಿಹಿ, ತಂದುಕೊಟ್ಟು, "ಇನ್ನು ಮೂರು, ಹುಡುಗಿ" ಅನ್ನುತ್ತಿದ್ದರು. ಮರುವರ್ಷ, "ಇನ್ನೆರಡು." ಅದರ ಮರುವರ್ಷ, "ಇನ್ನೊಂದೇ." ಈ ಜನವರಿಯಲ್ಲಿ ತಟ್ಟೆ ಕೊಟ್ಟು, ಲೆಕ್ಕ ಮುಗಿಯಿತು ಅನ್ನುವ ಹಾಗೆ ನನ್ನ ಕೆನ್ನೆ ಹಿಂಡಿ ಹೋದರು.

ಅಕ್ಟೋಬರಿನಲ್ಲಿ ಜೆ ರಸ್ತೆಗೆ ಬಂದಾಗಲೂ ನಾವು ನಿಲ್ಲಿಸುತ್ತಿದ್ದೆವು. ಅದು ನನ್ನ ಹಟ. ವರ್ಷದ ಕೆಲಸದ ಪಟ್ಟಿಯನ್ನು ಈ ಅಂಕಗಳಿಂದಲೇ ಮಾಡುವ ಕಂಪ್ಯೂಟರಿಗೆ ಅಂಕವಿಲ್ಲದ ರಸ್ತೆ ಕಾಣಿಸುವುದಿಲ್ಲ. ಕಂಪ್ಯೂಟರಿಗೆ ಕಾಣಿಸದ ರಸ್ತೆ ದುಡ್ಡು ಮಂಜೂರು ಮಾಡುವ ಕೌಂಟಿ ಮಂಡಳಿಗೂ ಕಾಣಿಸುವುದಿಲ್ಲ. ಜಲ್ಲಿಯಾಗಿದ್ದರೂ ಅದು ಡಾಂಬರಿನ ಪಟ್ಟಿಯಲ್ಲೇ ಕಾದು ಕೂತಿರಬೇಕು. ಒಂದು, ಎರಡು, ಮೂರು. "ಎರಡು" ಅನ್ನುತ್ತಿದ್ದೆ ನಾನು. "ಎರಡು" ಅನ್ನುತ್ತಿದ್ದ ಆರ್ಡೆನ್. ಅವನ ಪೆನ್ಸಿಲು ಹಾಳೆಯ ಮೇಲೆ ಗೀರುವ ಸದ್ದು ನನ್ನ ಕಿವಿಗೆ ಬೀಳುತ್ತಿತ್ತು. ನಾನು ಗೇರು ಹಾಕುತ್ತಿದ್ದೆ.

ಈ ಮಾರ್ಚಿನಲ್ಲಿ, ನೆಲದ ಹಿಮ ಕರಗುತ್ತಾ ರಸ್ತೆಗಳೆಲ್ಲ ಒಳಗೊಳಗೇ ಮೆತ್ತಗಾಗಿ ನಾವು ಭಾರದ ಲಾರಿಗಳಿಗೆ ತಡೆ ಹಾಕುವ ಹೊತ್ತಿಗೆ, ಆರ್ಡೆನ್ ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಯಲ್ಲಿ ಮಲಗಿದ. ವರ್ಷದ ಕೆಲಸದ ಪಟ್ಟಿಯನ್ನು ಮಂಡಳಿಗೆ ಕಳಿಸುವ ಹೊಣೆ ನನಗೆ ಬಿತ್ತು. ಕಂಪ್ಯೂಟರು ಉಗುಳಿದ ಪಟ್ಟಿಯಲ್ಲಿ ನಾನು ಮೊದಲು ಹುಡುಕಿದ್ದು ಜೆ. ಇರಲಿಲ್ಲ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಬೆರಳಿಟ್ಟು ನೋಡಿದೆ. ಎಲ್ಲೋ ತಪ್ಪಾಗಿದೆ ಅಂದುಕೊಂಡು, ಹದಿನಾರು ವರ್ಷದಲ್ಲಿ ಮೊದಲ ಸಲ, ಕಬ್ಬಿಣದ ಬೀರು ತೆಗೆದು ಹಳೆಯ ಹಾಳೆಗಳನ್ನು ಮೇಜಿನ ಮೇಲೆ ಹರಡಿದೆ.

ಕಳೆದ ಅಕ್ಟೋಬರಿನ ಹಾಳೆಯಲ್ಲಿ ಜೆ ರಸ್ತೆಗೊಂದು ಸಾಲಿತ್ತು. ಅಂಕದ ಜಾಗದಲ್ಲಿ ಆರ್ಡೆನ್‌ನ ದುಂಡು ಅಕ್ಷರದಲ್ಲಿ, "ಸೇಬಿನ ಪೈ" ಎಂದು ಬರೆದಿತ್ತು. ಹಿಂದಿನ ವರ್ಷದ್ದು ತೆಗೆದೆ. "ಕುಂಬಳ, ಸ್ಟುಬೆ ಸೋತಳು." ಅದರ ಹಿಂದಿನದು, "ಚೆರ್ರಿ." ಆರು ಹಾಳೆ, ಆರು ಪೈ; ಒಂದರಲ್ಲೂ ಅಂಕವಿಲ್ಲ. ಆರರಲ್ಲಿ ತೀರಾ ಹಳೆಯ ಹಾಳೆಯ ಅಂಚಿನಲ್ಲಿ ಒಂದು ಸಣ್ಣ ಟಿಪ್ಪಣಿ: ಜೆ, ಜಲ್ಲಿ ರಸ್ತೆಗಳ ಪುಸ್ತಕಕ್ಕೆ, ಖಾಯಂ. ಕೆಳಗೆ ಅವನ ಸಹಿ. ತಾರೀಖು ನೋಡಿದೆ. ನಮ್ಮ ಜನ ಕೈ ಎತ್ತಿದ ಮೂರನೇ ವಾರ.

ಅವಮಾನದಲ್ಲಿ ನನ್ನ ಕಿವಿ ಸುಟ್ಟುಹೋಯಿತು. ಸಿಟ್ಟು ಆಮೇಲೆ ಬಂತು. ಮೊದಲು ಬಂದದ್ದು ಅಳು. ಒಬ್ಬ ಮನುಷ್ಯ ಪಕ್ಕದಲ್ಲೇ ಕೂತು, ನನ್ನ ಸ್ಯಾಂಡ್‌ವಿಚ್ಚಿನಲ್ಲಿ ಅರ್ಧ ತಿಂದು, ವರ್ಷ ವರ್ಷವೂ ನನ್ನ ಕಿವಿಗೆ ಹೂವಿಟ್ಟಿದ್ದ.

ಅವನ ಮನೆಗೆ ಹೋದೆ. ಕಾಲನ್ನು ಮಂಚದ ಮೇಲೆ ನೀಡಿಕೊಂಡು ಟಿವಿ ನೋಡುತ್ತಿದ್ದ. ಹಾಳೆಗಳನ್ನು ಅವನ ಹೊಟ್ಟೆಯ ಮೇಲೆ ಎಸೆದೆ.

"ಓ," ಅಂದ. ಟಿವಿ ಆರಿಸಿದ. "ಓಡಿಸೋರು ಹಾಳೆ ಮುಟ್ಟಬಾರ್ದು ಅಲ್ವಾ?"

"ಗಾಡಿ ನಿಂತಿತ್ತು ಆರ್ಡೆನ್. ಇದೇನು?"

"ಪೈ."

"ತಮಾಷೆ ಮಾಡ್ಬೇಡ, ನಿನ್ನ ಇನ್ನೊಂದು ಮಂಡಿನೂ ಮುರೀತೀನಿ."

ಅವನು ಹಾಳೆಗಳನ್ನು ಒಟ್ಟುಮಾಡಿ ಪಕ್ಕಕ್ಕಿಟ್ಟ. "ನೋಡು ಸ್ಟುಬೆ. ನಿನ್ನ ಲೆಕ್ಕ ಸರಿಯಾಗೇ ಇತ್ತು. ಒಂದೇ ಒಂದು ತಪ್ಪು, ಏಳನೇ ವರ್ಷ. ಹನ್ನೊಂದು ಮನೆಗೋಸ್ಕರ ಒಂಬತ್ತು ಮೈಲಿ ಟಾರು ಹಾಕಿದ್ರೆ ತೊಂಬತ್ತು ಮೈಲಿ ಒಳ್ಳೇ ರಸ್ತೆ ಉಪವಾಸ ಬೀಳುತ್ತೆ. ಇದನ್ನ ನನಗೆ ಕಲಿಸಿದೋಳು ನೀನೇ."

"ಹಾಗಾದ್ರೆ ಅವತ್ತೇ ಹೇಳ್ಬೇಕಿತ್ತು. ಏಳನೇ ವರ್ಷ ಹೊಡೆದು ಹಾಕು ಅನ್ಬೇಕಿತ್ತು."

"ಹೊಡೆದು ಹಾಕಿದ್ರೆ ಅವರು ಕೈ ಎತ್ತುತ್ತಿದ್ರಾ?"

"ಇಲ್ಲ."

"ಮತ್ತೆ? ನಾನು ಹೋಗಿ ಸುಳ್ಳು ಹೇಳಿದ್ರೆ ನನ್ನ ಮುಖ ನೋಡಿದ ಕೂಡ್ಲೇ ಗೊತ್ತಾಗ್ತಿತ್ತು. ನೀನಾದ್ರೆ ನಿಜ ಅಂದ್ಕೊಂಡೇ ಹೇಳ್ತೀಯ. ಜನ ನಿನ್ನನ್ನ ನಂಬ್ತಾರೆ, ನನ್ನನ್ನ ನಂಬಲ್ಲ. ಇದ್ರಲ್ಲಿ ನನಗೇನಾದ್ರೂ ಸಿಕ್ತಾ? ಒಂದು ಡಾಲರ್? ನನ್ನ ಮನೆ ಮುಂದೆ ಹೊಸ ಟಾರು? ಕೌಂಟಿ ರಸ್ತೆ ಉಳೀತು, ಅಷ್ಟೇ."

ಅದೇ ನನ್ನನ್ನು ಹೆಚ್ಚು ಉರಿಸಿದ್ದು. ಅವನು ಕದ್ದು ತಿಂದಿದ್ದರೆ ಕಳ್ಳ ಅಂದು ಉಗಿದು ಬರಬಹುದಿತ್ತು. ಕೌಂಟಿಯ ರಸ್ತೆಗಳು ನಿಜಕ್ಕೂ ಚೆನ್ನಾಗಿದ್ದವು. ನನ್ನ ಯೋಜನೆ ಗೆದ್ದಿತ್ತು. ಆದರೆ ಅವನು ನನ್ನ ನಾಲಿಗೆಯನ್ನು ಸಲಕರಣೆಯ ಹಾಗೆ ಎರವಲು ತಗೊಂಡು, ಕೆಲಸ ಮುಗಿದ ಮೇಲೂ ವಾಪಸು ಕೊಟ್ಟಿರಲಿಲ್ಲ.

"ವರ್ಲಿನ್ ಮೂರು ದಿಂಬಿನ ಮೇಲೆ ಕೂತು ಹೋಗ್ತಾರೆ ಕಣೋ," ಅಂದೆ.

"ಗೊತ್ತು. ಪಾಪ." ನಿಜವಾಗಿಯೂ ಪಾಪ ಅನ್ನುವ ಧ್ವನಿಯಲ್ಲೇ ಅಂದ. ಆಮೇಲೆ ದಿಂಬಿಗೆ ಒರಗಿಕೊಂಡು, "ಮೇ ತಿಂಗಳಲ್ಲಿ ಡಬಲ್ ಎಫ್ ರಸ್ತೆ ಜನದ ಸಭೆ ಇದೆ. ಅದನ್ನೂ ಪುಡಿ ಮಾಡ್ಬೇಕು. ನೀನು ಮಾತಾಡಿದ್ರೇ ಆಗೋದು" ಅಂದ.

ನಾನು ಸುಮ್ಮನೆ ಕೂರಲಿಲ್ಲ. ಕೌಂಟಿ ಮಂಡಳಿಯ ಮುಂದೆ ಹೋಗಿ ನಿಂತೆ. ಐದು ನಿಮಿಷ ಕೊಟ್ಟರು. ಅಧ್ಯಕ್ಷರು ಕನ್ನಡಕ ಏರಿಸಿ, "ಮಂಡಳಿ ಒಪ್ಪಿದ ಪ್ರತಿಯಲ್ಲಿ ಏಳನೇ ವರ್ಷ ಅಂತ ಎಲ್ಲಿದೆ ಮೇಡಂ?" ಎಂದು ಕೇಳಿದರು. ಪುಟ ತಿರುಗಿಸಿದೆ. ನಾನು ಬರೆದ ಆ ಸಾಲು ಅದರಲ್ಲಿರಲಿಲ್ಲ. ಆರ್ಡೆನ್ ಒಪ್ಪಿಗೆಗೆ ಕಳಿಸುವಾಗಲೇ ಅದನ್ನು ಕಿತ್ತಿದ್ದ. ಜೆ ರಸ್ತೆಗೆ ಡಾಂಬರು ಬೇಕಾದರೆ ಹೊಸ ರಸ್ತೆಯೆಂದು ಅರ್ಜಿ ಹಾಕಿ, ಸರದಿಯಲ್ಲಿ ನಿಲ್ಲಬೇಕು ಅಂದರು. ಎಷ್ಟು ವರ್ಷ ಎಂದು ಕೇಳಿದೆ. ಇಪ್ಪತ್ತಾದರೂ ಆದೀತು ಅಂದರು.

ಇಷ್ಟಾದ ಮೇಲೆ ನೇರ ಅಯೋನ್ ಮನೆಗೆ ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ನಾಳೆ, ನಾಡಿದ್ದು ಎನ್ನುತ್ತಾ ಏಪ್ರಿಲ್ ಕಳೆದೆ. ಡಬಲ್ ಎಫ್ ಸಭೆಗೆ ಬರುವುದಿಲ್ಲ ಎಂದು ಆರ್ಡೆನ್‌ಗೂ ಹೇಳಲಿಲ್ಲ. ಬಸ್ಸಿನಲ್ಲಿ ಎದ್ದು ನಿಂತು ಒಪ್ಪಿಕೊಳ್ಳುತ್ತಿದ್ದ ಹುಡುಗಿ ಎಲ್ಲಿಗೆ ಹೋದಳೋ. ಒಂದು ಬೆಳಿಗ್ಗೆ ಅಯೋನ್ ತಾವೇ ಫೋನ್ ಮಾಡಿದರು.

"ಡಬಲ್ ಎಫ್ ಜನರ ಸಭೆಗೆ ಹೋಗ್ತೀಯಂತಲ್ಲ? ನನ್ನನ್ನೂ ಕರ್ಕೊಂಡು ಹೋಗು. ಬುಧವಾರ ವರ್ಲಿನ್‌ಗೆ ಆಸ್ಪತ್ರೆ ಇಲ್ಲ."

"ನೀವ್ಯಾಕೆ ಅಲ್ಲಿಗೆ?"

"ಯಾಕೆ ಅಂದ್ರೆ? ಅಲ್ಲಿ ನನ್ನ ನಾದಿನಿ ಮನೆ ಇದೆ, ಎಲ್ರೂ ಹೆದರ್ಕೊಂಡಿದಾರೆ. ನಾನೇ ಎದ್ದು ಹೇಳ್ತೀನಿ, ಕಾದೋರಿಗೆ ಸಿಗುತ್ತೆ ಕಣ್ರೇ ಅಂತ. ನಮಗೆ ಈ ಬೇಸಿಗೆ ಟಾರು ಬರಲ್ವಾ? ಬಾರ್ ಮಾಡ್ಕೊಂಡು ಬರ್ತೀನಿ."

ಆಗಲೂ ನಾನು ಬಾಯಿ ಬಿಡಲಿಲ್ಲ. ಬುಧವಾರ ನನ್ನ ಕಾರಿನಲ್ಲಿ ಅವರನ್ನು ಕೂರಿಸಿಕೊಂಡು ಹೋದೆ. ಮಡಿಲಲ್ಲಿ ಬಾರಿನ ಡಬ್ಬಿ. ಏಣಿನ ಮೇಲೆ ಕಾರು ಕುಣಿದಾಗ ಅವರು ಡಬ್ಬಿ ಹಿಡಿದುಕೊಂಡು, "ಈ ಸದ್ದೂ ಇನ್ನೆರಡು ತಿಂಗಳು" ಎಂದು ನಕ್ಕರು. ಹದಿನಾಲ್ಕು ಮೈಲಿಯಲ್ಲಿ ಹೇಳಲು ನೂರು ಸಲ ಬಾಯಿ ತೆರೆದೆ. ಹವಾಮಾನದ ಮಾತಾಡಿದೆ.

ಹಾಲು ಕರೆಯುವ ಹೊತ್ತಿಗೆ ಮನೆ ಸೇರಬೇಕೆಂದು ಸಭೆ ಮಧ್ಯಾಹ್ನ ಎರಡಕ್ಕೇ ಇತ್ತು. ಮೂವತ್ತು ಜನ, ಕಾಫಿಯ ದೊಡ್ಡ ಪಾತ್ರೆ, ಮಡಚುವ ಕುರ್ಚಿಗಳು. ಆರ್ಡೆನ್ ಊರುಗೋಲು ಹಿಡಿದು ಬಾಗಿಲ ಬಳಿ ನಿಂತಿದ್ದ. ನನಗೆ ಕಣ್ಣು ಹೊಡೆದು ಹೆಬ್ಬೆರಳು ತೋರಿಸಿದ. ನಾನು ಎದ್ದು ಯೋಜನೆ ವಿವರಿಸಿದೆ. ಒಳ್ಳೆಯ ರಸ್ತೆ ಮೊದಲು ಯಾಕೆ, ಕೆಟ್ಟದ್ದು ಕಾಯಬೇಕಾದದ್ದು ಯಾಕೆ ಎಂದು ಹೇಳಿದೆ. ಅದನ್ನು ನಾನು ನಿದ್ದೆಯಲ್ಲೂ ಹೇಳಬಲ್ಲೆ.

ಮುಂದಿನ ಸಾಲಿನಲ್ಲಿದ್ದ ಹಾಲಿನ ಲಾರಿಯವನು ತೋಳು ಕಟ್ಟಿಕೊಂಡು ಕೇಳಿದ, "ಅದೆಲ್ಲ ಇರ್ಲಿ. ನಮ್ಮ ಟಾರು ವಾಪಸ್ ಬರುತ್ತಾ?"

ನಾನು ಉತ್ತರಿಸುವ ಮೊದಲೇ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿಯಿತು.

"ಬರುತ್ತೆ" ಅಂದರು ಅಯೋನ್. ಎದ್ದು ನಿಂತಿದ್ದರು. "ನಾನು ಜೆ ರಸ್ತೆಯೋಳು. ನಮಗೂ ಇವಳೇ ಮಾತು ಕೊಟ್ಟಿದ್ದು. ನನ್ನ ಗಂಡನಿಗೆ ಮೂರು ವರ್ಷದಿಂದ..."

"ಅಯೋನ್, ಕೂತ್ಕೊಳ್ಳಿ," ಅಂದೆ.

"ಇರು ಹುಡುಗಿ, ಹೇಳಿಬಿಡ್ತೀನಿ."

"ಕೂತ್ಕೊಳ್ಳಿ, ದಯವಿಟ್ಟು. ಬರಲ್ಲ."

ನಾನು ಜನರ ಕಡೆ ತಿರುಗಿದೆ.

"ನಮ್ಮ ರಸ್ತೆಗೆ ಟಾರು ಬರಲ್ಲ" ಅಂದೆ. "ಮೊದಲ್ನೇ ವರ್ಷವೇ ಪಟ್ಟಿಯಿಂದ ತೆಗೆದಿದ್ರು. ನನಗೆ ಮಾರ್ಚಲ್ಲಿ ಗೊತ್ತಾಯ್ತು. ಯೋಜನೆ ಸರಿಯಾಗೇ ಇದೆ, ಈಗ್ಲೂ ಅದನ್ನೇ ಹೇಳ್ತೀನಿ. ಆದ್ರೆ ಡಬಲ್ ಎಫ್ ಒಂದ್ಸಲ ಜಲ್ಲಿ ಆಯ್ತು ಅಂದ್ರೆ ಜಲ್ಲಿನೇ. ಏಳನೇ ವರ್ಷ ಅನ್ನೋದು ಇಲ್ಲ. ಕೈ ಎತ್ತೋರು ಇದನ್ನ ತಿಳ್ಕೊಂಡು ಎತ್ತಿ."

ಇಬ್ಬರು ಎತ್ತಿದರು. ಉಳಿದವರು ಕುರ್ಚಿ ಮಡಚಿದರು. ಆರ್ಡೆನ್ ಊರುಗೋಲು ಕುಕ್ಕುತ್ತಾ ನನ್ನ ಹತ್ತಿರ ಬಂದು, ಹಲ್ಲು ಬಿಗಿಹಿಡಿದು, "ನಿನ್ನ ಮಗುನ ನೀನೇ ಕತ್ತು ಹಿಸುಕಿದೆ ಸ್ಟುಬೆ" ಅಂದ.

"ಅಕ್ಟೋಬರಲ್ಲಿ ನೀನೇ ಓಡಿಸು," ಅಂದೆ. "ಬರೆಯೋಳು ನಾನು."

ಇಷ್ಟು ಹೇಳಿದಾಗ ಎದೆ ಒಂದಿಷ್ಟು ಹಗುರಾಯಿತು ಅಂದುಕೊಂಡೆ. ಅದು ಕಾರಿನವರೆಗೂ ಉಳಿಯಲಿಲ್ಲ. ಅಯೋನ್ ಆಗಲೇ ಒಳಗೆ ಕೂತಿದ್ದರು. ಬಾರಿನ ಡಬ್ಬಿ ಮಡಿಲಲ್ಲೇ ಇತ್ತು, ಮುಚ್ಚಳ ತೆಗೆದಿರಲಿಲ್ಲ.

ಜೆ ರಸ್ತೆಗೆ ತಿರುಗಿ, ಜಲ್ಲಿ ಟೈರಿಗೆ ಸಿಕ್ಕ ಕೂಡಲೇ ನಾನೇ ಶುರುಮಾಡಿದೆ. ಬೀರು, ಹಾಳೆ, ಪೈ, ಆರ್ಡೆನ್, ಮಂಡಳಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಆರ್ಡೆನ್ ನನಗೂ ಟೋಪಿ ಹಾಕಿದ, ಅಯೋನ್, ಅಂದೆ. ನನಗೆ ಗೊತ್ತಿರಲಿಲ್ಲ, ನಾನು ಸುಳ್ಳು ಹೇಳಲಿಲ್ಲ ಅಂದೆ. ಹೇಳುತ್ತಲೇ ಅತ್ತುಬಿಟ್ಟೆ.

ಅವರು ಕೇಳಿಸಿಕೊಂಡರು. ಅವರ ಮನೆಯ ಅಂಚೆಪೆಟ್ಟಿಗೆಯ ಮುಂದೆ ನಿಲ್ಲಿಸಿದೆ. ಜಗುಲಿಯ ಮೇಲೆ ವರ್ಲಿನ್ ಕೂತಿದ್ದರು. ನಾಳೆಯ ದಿಂಬುಗಳನ್ನು ಬಿಸಿಲಿಗೆ ಹಾಕಿದ್ದರು. ನಮ್ಮನ್ನು ನೋಡಿ ಕೈ ಬೀಸಿದರು.

"ನೀನು ಸುಳ್ಳು ಹೇಳ್ಲಿಲ್ಲ, ನಿಜ," ಅಂದರು ಅಯೋನ್. "ಯಾರು ಕೇಳಿದ್ರೂ ಹಾಗೇ ಹೇಳ್ತೀನಿ. ಆದ್ರೆ ಆರು ಸಲ ನಮ್ಮ ಮನೆ ಮುಂದೆ ಗಾಡಿ ನಿಲ್ಸಿದೀಯ. ನಾನು ಕಿಟಕಿಯಿಂದ ನೋಡ್ತಿದ್ದೆ. ಆ ಹಾಳೆ ನಿನ್ನ ಪಕ್ಕದಲ್ಲೇ ಇತ್ತಲ್ಲ, ಹುಡುಗಿ. ಒಂದ್ಸಲ ಬಗ್ಗಿ ನೋಡೋಕ್ಕಾಗ್ಲಿಲ್ವಾ ನಿನಗೆ?"

ಓಡಿಸುವವರು ಹಾಳೆ ಮುಟ್ಟಬಾರದು ಎಂಬ ಉತ್ತರ ನಾಲಿಗೆಯ ತುದಿಗೆ ಬಂತು. ಅದನ್ನು ಅವರ ಮುಂದೆ ಆಡಲು ನನಗೆ ನಾಚಿಕೆಯಾಯಿತು. ಅವರು ಇಳಿದು, ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ವರ್ಲಿನ್‌ಗೆ ಈಗ ಏನು ಹೇಳಲಿ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಾ ಜಗುಲಿಯ ಕಡೆ ನಡೆದರು.